ಸುಭಾಷಿತವು ಯಾರ ಬಾಯಲ್ಲಿದೆ?

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿರುವ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ನಾಡಿಗೆಲ್ಲ ಪರಿಚಿತವಾದುದು. ವಿಶ್ವಕರ್ಮ ಮನೆತನಗಳವರು ಅಲ್ಲಿ ತಲೆತಲಾಂತರದಿಂದ ಶಿಲೆಯಲ್ಲಿ ದೇವತಾಮೂರ್ತಿಗಳನ್ನು ಕಡೆಯುತ್ತ ಬಂದಿದ್ದಾರೆ. ಗಂಗರಸರ ಕಾಲದಿಂದಲೇ ಈ ಕಸುಬು ನಡೆದುಬಂದಿದೆಯೆಂಬುದು ಊರಿನವರ ಹೇಳಿಕೆ. ಅಲ್ಲಿ ಕಡೆದ ಮೂರ್ತಿಗಳು ಕನ್ನಡ ನಾಡಿನ ಗುಡಿಗಳಲ್ಲಿ ಮಾತ್ರವಲ್ಲ, ಹೊರನಾಡಿನ ಗುಡಿಗಳಲ್ಲಿಯೂ ಪ್ರತಿಷ್ಠೆಗೊಂಡಿವೆ.

ಶಿಲ್ಪಿಗೆ ಕಲ್ಲು, ಉಳಿ, ಸುತ್ತಿಗೆಗಳು ಎಷ್ಟು ಅವಶ್ಯಕವೋ ಶ್ಲೋಕವೂ ಅಷ್ಟೇ ಅವಶ್ಯಕ. ಯಾವ ದೇವತೆಯನ್ನು ಕಡೆಯಬೇಕೋ ಆ ದೇವತೆಯ ಧ್ಯಾನಶ್ಲೋಕವನ್ನು ಅವನು ಮೊದಲು ಮನನ ಮಾಡಬೇಕು. ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ಯಾವುದು ಅಭಯ, ಯಾವುದು ವರದ, ನಿಂತ ಭಂಗಿಯೋ ಕುಳಿತ ಭಂಗಿಯೋ ಎಂಬುದೆಲ್ಲವೂ ಆ ಶ್ಲೋಕದಲ್ಲಿ ಅಡಕವಾಗಿರುತ್ತದೆ. ಅದರ ಮೇಲೆ ತಾಲಮಾನದ ಲೆಕ್ಕ. ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ಆ ತಾಲವನ್ನು 12 ಅಂಗುಲಗಳಾಗಿ ಭಾಗಿಸಿ, ನವತಾಲದ ಮೂರ್ತಿಗೆ 108 ಅಂಗುಲಗಳೆಂದು ಎಣಿಸುತ್ತಾರೆ. ಎಲ್ಲ ಮುಗಿದ ಬಳಿಕ ಕಟ್ಟಕಡೆಗೆ ಕಣ್ಣು ತೆರೆಸುವ ವಿಧಿ. ಇಷ್ಟಲಿಂಗನಿಷ್ಠರಾದ ನಮಗೆ ಮೂರ್ತಿಪೂಜೆಯು ಹೊರತಾದುದಾದರೂ ಶಿಲ್ಪಿಯ ಈ ಶಿಸ್ತು ಹೊರತಾದುದಲ್ಲ. ಶ್ಲೋಕವು ಅವನ ಕಂಠದಲ್ಲಿಯೇ ನಿಂತುಬಿಟ್ಟರೆ ಮೂರ್ತಿಯಾಗದು. ಅದು ಕೈಗೆ ಇಳಿಯಬೇಕು. ಒಂದು ಅಂಗುಲ ತಪ್ಪಿದರೂ ಕಲ್ಲು ಆ ತಪ್ಪನ್ನು ಬಚ್ಚಿಡದೆ ನೋಡಿದವರಿಗೆಲ್ಲ ತೋರಿಸಿಬಿಡುತ್ತದೆ.

ಶುಕ್ರನೀತಿಸಾರವೆಂಬ ಸಂಸ್ಕೃತ ಗ್ರಂಥವೊಂದುಂಟು. ಹೆಸರೇ ಹೇಳುವಂತೆ ಅದು ನೀತಿಗ್ರಂಥ. ಅರಸನು ಹೇಗಿರಬೇಕು, ಮಂತ್ರಿ ಹೇಗಿರಬೇಕು, ವ್ಯವಹಾರ ಹೇಗೆ ನಡೆಯಬೇಕು ಎಂಬುದೇ ಅದರ ಮುಖ್ಯ ವಿಷಯ. ಆದರೆ ಅದೇ ಗ್ರಂಥದಲ್ಲಿ ಪ್ರತಿಮೆಗಳ ಲಕ್ಷಣವೂ ತಾಲಮಾನವೂ ಬರುತ್ತವೆ. ನೀತಿಯ ನಡುವೆ ಶಿಲ್ಪವೇಕೆ ಎಂದು ಮೊದಲ ನೋಟಕ್ಕೆ ಆಶ್ಚರ್ಯವೆನಿಸಬಹುದು. ವಿಚಾರ ಮಾಡಿದರೆ ಅದು ಸಹಜವೇ. ಎರಡೂ ಅಳತೆಯ ಶಾಸ್ತ್ರಗಳು. ಒಂದು ಕಲ್ಲಿಗೆ ಅಳತೆ ಕೊಡುತ್ತದೆ, ಇನ್ನೊಂದು ಬಾಳಿಗೆ. ಧ್ಯಾನಶ್ಲೋಕವು ಶಿಲ್ಪಿಯ ಕೈಗೆ ಇಳಿದಂತೆ ನೀತಿಶ್ಲೋಕವು ನಮ್ಮ ಕೈಗೆ ಇಳಿಯುತ್ತಿದೆಯೇ ಎಂಬುದೇ ಈ ತಿಂಗಳ ನಮ್ಮ ವಿಚಾರ.

ಇದನ್ನು ಎತ್ತಿಕೊಳ್ಳಲು ಕಾರಣವಾದುದು ನಮಗೆ ಬಂದ ಒಂದು ಪತ್ರ. ಬರೆದವರು ಮಾಲೂರು ಸೀಮೆಯ ಹಿರಿಯ ಸದ್ಭಕ್ತರೊಬ್ಬರು. ಹೆಸರು, ಊರು ಇಲ್ಲಿ ಬೇಡ. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಬೆಂಗಳೂರು-ಚೆನ್ನೈ ಹೆದ್ದಾರಿಯ ಕಾಮಗಾರಿ ಮಾಲೂರಿನ ಮೇಲೆ ಹಾದುಬಂದ ಮೇಲೆ, ನರಸಾಪುರ, ವೇಮಗಲ್ ಕಡೆಗಳಲ್ಲಿ ಕಾರ್ಖಾನೆಗಳು ಎದ್ದ ಮೇಲೆ, ಆ ಸೀಮೆಯ ಹೊಲಗಳ ಬೆಲೆ ಏನೇನೋ ಆಗಿದೆ. ಹಿಪ್ಪುನೇರಳೆ, ರಾಗಿ ಬೆಳೆಯುತ್ತಿದ್ದಾಗ ಒಂದೇ ಒಲೆಯಲ್ಲಿ ಉಂಡ ಅಣ್ಣತಮ್ಮಂದಿರು ಈಗ ಮಾತು ಬಿಟ್ಟಿದ್ದಾರೆ. ಅದೇ ವಾರ ಹಿರಿಯ ಮಗನ ಮಗಳು ಶಾಲೆಯ ಸುಭಾಷಿತ ಸ್ಪರ್ಧೆಯಲ್ಲಿ ಬಹುಮಾನ ಪಡೆದು ಮನೆಗೆ ಬಂದಳು. ತನ್ನವರು, ಪರರು ಎಂಬ ಭೇದವನ್ನು ಹಳಿದು ಇಡೀ ಭೂಮಿಯನ್ನೇ ಒಂದು ಕುಟುಂಬವೆಂದು ಸಾರುವ ಸುಪ್ರಸಿದ್ಧ ಶ್ಲೋಕವನ್ನು ಅವಳು ಹೇಳಿದ್ದಳು. ರಾತ್ರಿ ತಾತನ ಪಕ್ಕದಲ್ಲಿ ಕುಳಿತು ಆ ಮಗು ಕೇಳಿತಂತೆ: “ತಾತ, ಈ ಶ್ಲೋಕ ನನಗೆ ಹೇಳಿಕೊಟ್ಟಿದ್ದು ಅಪ್ಪನೇ. ಭೂಮಿಯೆಲ್ಲ ಒಂದೇ ಮನೆಯಾದರೆ ಚಿಕ್ಕಪ್ಪನ ಮನೆ ಮಾತ್ರ ಬೇರೆ ಯಾಕೆ?”

ತಾತನಿಗೆ ಉತ್ತರ ಹೊಳೆಯಲಿಲ್ಲ. “ಮಕ್ಕಳಿಗೆ ಇಂಥ ಶ್ಲೋಕಗಳನ್ನು ಕಲಿಸಿ ಪ್ರಯೋಜನವೇನು? ಕಲಿಸಿದವರೇ ನಡೆಯದಿದ್ದರೆ ಅದು ಸುಳ್ಳನ್ನು ಕಲಿಸಿದಂತಲ್ಲವೇ?” ಎಂದು ಅವರು ನಮ್ಮನ್ನು ಕೇಳಿದ್ದಾರೆ. ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇಂದು ಕುಳಿತಿರುವ ಪ್ರಶ್ನೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸೋಣ.

ಆ ಮಗು ಹೇಳಿದ ಶ್ಲೋಕದಿಂದಲೇ ತೊಡಗುವುದು ಉಚಿತ. ದೆಹಲಿಯ ಹಳೆಯ ಸಂಸತ್ ಭವನದಲ್ಲಿ ಅದನ್ನು ಬರೆಯಿಸಿದ್ದಾರೆ. 2023ರಲ್ಲಿ ಜಿ-20 ರಾಷ್ಟ್ರಗಳ ಸಮಾವೇಶ ನಮ್ಮ ದೇಶದಲ್ಲಿ ನಡೆದಾಗ ಅದೇ ಘೋಷವಾಕ್ಯವಾಯಿತು. ಮಹೋಪನಿಷತ್ತಿನಲ್ಲಿಯೂ ಅದು ಬರುತ್ತದೆ. ಆದರೆ ಕಥಾಸಾಹಿತ್ಯದಲ್ಲಿ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆಂಬುದನ್ನು ಗಮನಿಸಿದವರು ಕಡಿಮೆ.

ಪಂಚತಂತ್ರದ ಕೊನೆಯ ತಂತ್ರದಲ್ಲಿ ನಾಲ್ವರು ಗೆಳೆಯರ ಕಥೆಯಿದೆ. ಮೂವರು ಶಾಸ್ತ್ರಪಾರಂಗತರು, ನಾಲ್ಕನೆಯವನಿಗೆ ಶಾಸ್ತ್ರವಿಲ್ಲ, ಬುದ್ಧಿಯಿದೆ. ವಿದ್ಯೆಯಿಂದ ಹಣ ಗಳಿಸಲೆಂದು ನಾಲ್ವರೂ ಹೊರಟಾಗ, ವಿದ್ಯೆಯಿಲ್ಲದ ಇವನಿಗೆ ನಮ್ಮ ಗಳಿಕೆಯಲ್ಲಿ ಪಾಲೇಕೆ ಎಂಬ ಮಾತು ಹುಟ್ಟುತ್ತದೆ. ಆಗ ಅವರಲ್ಲೊಬ್ಬನು, ಬಾಲ್ಯದಿಂದ ಜೊತೆಗೆ ಆಡಿದವನನ್ನು ಬಿಡುವುದು ತರವಲ್ಲವೆಂದು ಈ ಶ್ಲೋಕವನ್ನು ಹೇಳಿ ಅವನನ್ನೂ ಕರೆದುಕೊಳ್ಳುತ್ತಾನೆ. ಹೀಗೆ ಇಲ್ಲಿ ಶ್ಲೋಕವು ಪಾಲು ಕೊಡುವವನ ಬಾಯಿಂದ ಬಂದಿದೆ. ಮುಂದೆ ಕಾಡಿನಲ್ಲಿ ಸತ್ತ ಸಿಂಹದ ಎಲುಬುಗಳು ಸಿಕ್ಕುತ್ತವೆ. ಪಂಡಿತರು ತಮ್ಮ ವಿದ್ಯೆಯನ್ನು ಪರೀಕ್ಷಿಸಲು ಅದಕ್ಕೆ ಜೀವ ತುಂಬಹೊರಡುತ್ತಾರೆ. ನಾಲ್ಕನೆಯವನು ಬೇಡವೆಂದು ಹೇಳಿ, ಕೇಳದಿದ್ದಾಗ ಮರ ಹತ್ತುತ್ತಾನೆ. ಶ್ಲೋಕ ಹೇಳಿದವನೂ ಸೇರಿ ಮೂವರೂ ಸಿಂಹದ ಬಾಯಿಗೆ ತುತ್ತಾಗುತ್ತಾರೆ. ಔದಾರ್ಯವಿದ್ದರೂ ವಿವೇಕವಿಲ್ಲದಿದ್ದರೆ ಉಳಿಗಾಲವಿಲ್ಲವೆಂಬುದು ಕವಿಯ ಇಂಗಿತ.

ಪಂಚತಂತ್ರವನ್ನು ಆಧರಿಸಿ ನಾರಾಯಣ ಪಂಡಿತನು ರಚಿಸಿದ ಹಿತೋಪದೇಶದಲ್ಲಿ ಇದೇ ಶ್ಲೋಕ ಮತ್ತೊಮ್ಮೆ ಬರುತ್ತದೆ. ಈ ಸಲ ಅದನ್ನು ಹೇಳುವುದು ಒಂದು ನರಿ! ಮಗಧದ ಕಾಡಿನಲ್ಲಿ ಜಿಂಕೆ ಮತ್ತು ಕಾಗೆ ಬಹುಕಾಲದ ಸ್ನೇಹಿತರು. ಕೊಬ್ಬಿದ ಜಿಂಕೆಯ ಮಾಂಸದ ಆಸೆಯಿಂದ ನರಿಯು ಸ್ನೇಹ ಬೇಡುತ್ತ ಬರುತ್ತದೆ. ಕುಲಶೀಲ ತಿಳಿಯದವನನ್ನು ನಂಬಬೇಡವೆಂದು ಕಾಗೆ ಎಚ್ಚರಿಸಿದಾಗ, ನರಿಯು ನೊಂದವನಂತೆ ನಟಿಸಿ ಇದೇ ಉದಾತ್ತ ಶ್ಲೋಕವನ್ನು ಒಪ್ಪಿಸುತ್ತದೆ. ಜಿಂಕೆ ಕರಗಿಹೋಗುತ್ತದೆ. ಕೆಲವು ದಿನಗಳಲ್ಲಿಯೇ ನರಿಯು ತೋರಿಸಿದ ಹೊಲದಲ್ಲಿ ಜಿಂಕೆ ಬಲೆಗೆ ಬೀಳುತ್ತದೆ. ಬಲೆಯನ್ನು ಕಡಿದು ಬಿಡಿಸೆಂದು ಬೇಡಿದರೆ ನರಿಯ ಉತ್ತರವೇನು? ಈ ಬಲೆ ನರದಿಂದ ಹೆಣೆದದ್ದು, ಇಂದು ಭಾನುವಾರ, ವ್ರತದ ದಿನ ಇದನ್ನು ಹಲ್ಲಿನಿಂದ ಮುಟ್ಟುವುದು ಹೇಗೆ ಎಂದು! ಕಡೆಗೆ ಕಾಗೆಯ ಉಪಾಯದಿಂದ ಜಿಂಕೆ ಪಾರಾಗುತ್ತದೆ. ಹೊಲದೊಡೆಯ ಬೀಸಿದ ಕೋಲಿಗೆ ನರಿ ಬಲಿಯಾಗುತ್ತದೆ.

ಒಂದೇ ಶ್ಲೋಕ, ಎರಡು ಬಾಯಿ. ಒಂದು ಬಾಯಲ್ಲಿ ಅದು ಪಾಲು ಕೊಟ್ಟಿತು, ಇನ್ನೊಂದರಲ್ಲಿ ಬಲೆ ಹಾಸಿತು. ಅಕ್ಷರ ಒಂದೂ ಬದಲಾಗಿಲ್ಲ. ನಮ್ಮ ಪ್ರಾಚೀನ ಕಥೆಗಾರರು ಎಷ್ಟು ಲೋಕಾನುಭವಿಗಳೆಂಬುದು ಇದರಿಂದ ವಿದಿತವಾಗುತ್ತದೆ. ಒಳ್ಳೆಯ ಮಾತು ತಾನೇ ಒಳ್ಳೆಯದನ್ನು ಮಾಡುವುದಿಲ್ಲ, ಅದನ್ನು ಆಡುವವನ ನಡೆಯೇ ಅದಕ್ಕೆ ಬೆಲೆ ತರುತ್ತದೆ ಎಂಬುದನ್ನು ಅವರು ಉಪದೇಶವಾಗಿ ಹೇಳದೆ ಕಥೆಯಾಗಿ ಕಾಣಿಸಿದರು. ನುಡಿ ಮತ್ತು ನಡೆ ಒಂದಾಗಬೇಕೆಂದು ಹನ್ನೆರಡನೆಯ ಶತಮಾನದ ನಮ್ಮ ಶರಣರು ಹೇಳಿದುದೂ ಇದನ್ನೇ ಅಲ್ಲವೇ?

ಇಂಥ ಕಥೆಗಳಿಗೆ ಭಾಷೆಯ ಗಡಿಯಾಗಲಿ ದೇಶದ ಗಡಿಯಾಗಲಿ ಅಡ್ಡಬರಲಿಲ್ಲ. ಆರನೆಯ ಶತಮಾನದಲ್ಲಿ ಪಂಚತಂತ್ರವು ಪರ್ಷಿಯಾದ ಪಹ್ಲವಿ ಭಾಷೆಗೆ ಹೋಯಿತು. ಎಂಟನೆಯ ಶತಮಾನದಲ್ಲಿ ಅಲ್ಲಿಂದ ಅರಬ್ಬಿಗೆ ಇಳಿಯಿತು. ಕರಟಕ, ದಮನಕರೆಂಬ ಎರಡು ನರಿಗಳ ಹೆಸರು ಅಲ್ಲಿ ಕಲೀಲ, ದಿಮ್ನ ಎಂದಾಗಿ ಗ್ರಂಥಕ್ಕೂ ಅದೇ ಹೆಸರಾಯಿತು. ಕನ್ನಡದಲ್ಲಿ ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ವಸುಭಾಗನ ಪಾಠವನ್ನು ಅನುಸರಿಸಿ ಚಂಪುವಾಗಿ ಬರೆದನು. ಒಳ್ಳೆಯ ನೀತಿಯು ಯಾರ ಸೊತ್ತೂ ಅಲ್ಲ. ತೆಗೆದುಕೊಂಡು ನಡೆದವರೆಲ್ಲರ ಸೊತ್ತು.

ಇನ್ನು ಅಣ್ಣತಮ್ಮಂದಿರ ವಿಷಯಕ್ಕೆ ಬರೋಣ. ಭೂಮಿಯ ಸಲುವಾಗಿ ದಾಯಾದಿಗಳು ಕಾದಾಡಿದ ಕಥೆಯನ್ನೇ ಎತ್ತಿಕೊಂಡ ಒಂದು ಮಹಾಕಾವ್ಯವು ಕೋಲಾರದ ನೆಲದೊಡನೆ ನಂಟು ಪಡೆದಿದೆ. ಅದು ಭಾರವಿಯ ಕಿರಾತಾರ್ಜುನೀಯ. ಭಾರವಿಯನ್ನು ಅರ್ಥಗೌರವಕ್ಕೆ ಹೆಸರಾದ ಕವಿಯೆಂದು ಪಂಡಿತ ಪರಂಪರೆ ಕೊಂಡಾಡುತ್ತದೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಜೊತೆಗೆ ಅವನ ಹೆಸರನ್ನು ಎತ್ತಿದ್ದಾನೆ. ಅದಕ್ಕೂ ಮೊದಲೇ ಗಂಗರಸ ದುರ್ವಿನೀತನು ಆ ಕಾವ್ಯದ 15ನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದಲ್ಲಿ ದೊರೆತ ತಾಮ್ರಶಾಸನವು ತಿಳಿಸುತ್ತದೆ. ಗಂಗರಿಗೆ ಮೊದಲು ರಾಜಧಾನಿಯಾಗಿದ್ದುದು ಕುವಳಾಲ, ಎಂದರೆ ಇಂದಿನ ಕೋಲಾರ. ಆ 15ನೆಯ ಸರ್ಗವೋ, ಒಂದೇ ವ್ಯಂಜನದಿಂದ ಕಟ್ಟಿದ ಪದ್ಯ, ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ್ಯ, ಇಂಥ ಚಿತ್ರಕವಿತ್ವದಿಂದ ತುಂಬಿ ಪಂಡಿತರನ್ನೇ ತಡವರಿಸುವಂತೆ ಮಾಡುವುದು. ಕನ್ನಡ ಗದ್ಯ ಬರೆದವರಲ್ಲಿಯೂ ದುರ್ವಿನೀತನೆಂಬ ಹೆಸರನ್ನು ಕವಿರಾಜಮಾರ್ಗವು ಸ್ಮರಿಸಿದೆ.

ಕಾವ್ಯದ ಆರಂಭವನ್ನು ನೋಡಿರಿ. ರಾಜ್ಯ ಕಳೆದುಕೊಂಡು ದ್ವೈತವನದಲ್ಲಿರುವ ಧರ್ಮರಾಯನು ದುರ್ಯೋಧನನ ಆಳ್ವಿಕೆ ಹೇಗಿದೆಯೆಂದು ತಿಳಿಯಲು ಒಬ್ಬ ಬೇಡನನ್ನು ಬ್ರಹ್ಮಚಾರಿಯ ವೇಷದಲ್ಲಿ ಕಳುಹಿಸಿರುತ್ತಾನೆ. ಅವನು ಹಿಂದಿರುಗಿ ತಂದ ವರದಿ ಏನು? ದುರ್ಯೋಧನನು ಚೆನ್ನಾಗಿ ಆಳುತ್ತಿದ್ದಾನೆ, ಪ್ರಜೆಗಳು ಒಲಿದಿದ್ದಾರೆ, ಕುರುಭೂಮಿಯು ಬರೀ ಮಳೆಯನ್ನೇ ನಂಬಿ ಕೂರದೆ ನೀರಾವರಿಯಿಂದ ಪೈರು ತುಂಬಿ ನಿಂತಿದೆ ಎಂದು. ಕೆರೆಗಳನ್ನು ನಂಬಿ ಬದುಕಿದ ಕೋಲಾರ ಸೀಮೆಯವರಿಗೆ ಆ ಮಾತಿನ ತೂಕ ಬೇರೆಯವರಿಗಿಂತ ಚೆನ್ನಾಗಿ ತಿಳಿದೀತು. ಒಡೆಯನಿಗೆ ಇದು ಅಪ್ರಿಯವಾದ ವಾರ್ತೆ. ಆದರೂ ಆ ಬೇಡನು ಹಿಂಜರಿಯಲಿಲ್ಲ. ಹಿತವೂ ಆಗಿ ಸವಿಯೂ ಆಗಿರುವ ಮಾತು ದುರ್ಲಭವೆಂಬ ಭಾವವನ್ನು ಕವಿಯು ಅವನ ಬಾಯಿಂದಲೇ ಆಡಿಸುತ್ತಾನೆ. ಹೇಳಿದವನದು ಒಂದು ಹಿರಿಮೆಯಾದರೆ, ಸಿಟ್ಟಾಗದೆ ಕೇಳಿ ಅವನಿಗೆ ಉಡುಗೊರೆ ಕೊಟ್ಟು ಕಳುಹಿಸಿದ ಧರ್ಮರಾಯನದು ಇನ್ನೊಂದು ಹಿರಿಮೆ.

ಬಳಿಕ ದ್ರೌಪದಿ ಮಾತನಾಡುತ್ತಾಳೆ. ಅವಳ ನುಡಿ ಬೆಂಕಿ. ಅದಕ್ಕೆ ಕಾರಣವೂ ಇದೆ, ಸಭೆಯಲ್ಲಿ ಅಪಮಾನಗೊಂಡವಳು ಅವಳು. ಭೀಮನು ಅವಳ ಮಾತಿಗೆ ಬಲ ಕೊಟ್ಟು ಈಗಲೇ ಯುದ್ಧವೆನ್ನುತ್ತಾನೆ. ಧರ್ಮರಾಯನು ಏನು ಮಾಡಿದನು? ಮೊದಲು ಭೀಮನ ಮಾತಿನ ಸ್ಪಷ್ಟತೆಯನ್ನೂ ಅರ್ಥದ ಘನತೆಯನ್ನೂ ಹೊಗಳಿದನು; ಆಮೇಲೆ ತಾನು ಒಪ್ಪದ ಕಾರಣವನ್ನು ಹೇಳಿದನು. ಆತುರದಿಂದ ಕೆಲಸಕ್ಕೆ ಕೈಹಾಕುವುದು ಸಕಲ ಆಪತ್ತುಗಳಿಗೂ ದಾರಿಯೆಂಬ ಜಗತ್ಪ್ರಸಿದ್ಧ ನೀತಿ ಬರುವುದು ಇಲ್ಲಿಯೇ. ಅದನ್ನು ಹೇಳಿದವನು ಸುಖವಾಗಿ ಕುಳಿತ ಉಪದೇಶಕನಲ್ಲ. ಎಲ್ಲವನ್ನೂ ಕಳೆದುಕೊಂಡು, ಹೆಂಡತಿ ತಮ್ಮಂದಿರಿಂದ ಬಿರುನುಡಿ ಕೇಳುತ್ತ ಕಾಡಿನಲ್ಲಿ ಕುಳಿತ ಹಿರಿಯಣ್ಣ. ದ್ಯೂತದಲ್ಲಿ ಆತುರಪಟ್ಟು ಕೆಟ್ಟವನೇ ಈಗ ಆತುರ ಬೇಡವೆನ್ನುತ್ತಿದ್ದಾನೆ. ಅನುಭವದಲ್ಲಿ ಬೆಂದು ಬಂದ ಮಾತಾದುದರಿಂದ ಅದಕ್ಕೆ ತೂಕವಿದೆ.

ಈ ಶ್ಲೋಕದ ಬಗೆಗೆ ಪಂಡಿತರ ಬಾಯಲ್ಲಿ ಒಂದು ದಂತಕಥೆ ನಡೆದುಬಂದಿದೆ. ಬಡತನದಿಂದ ಬೆಂದ ಭಾರವಿಯ ಹೆಂಡತಿಯು ಗಂಡ ಬರೆದ ಆ ಪದ್ಯವನ್ನು ಒಬ್ಬ ವರ್ತಕನಲ್ಲಿ ಅಡವಿಟ್ಟು ಹಣ ತಂದಳಂತೆ. ವರ್ತಕನು ಅದನ್ನು ಮಲಗುವ ಕೋಣೆಯಲ್ಲಿ ತೂಗುಹಾಕಿ ವ್ಯಾಪಾರಕ್ಕೆ ದೂರದೇಶಕ್ಕೆ ಹೋದನು. ಹಲವು ವರ್ಷಗಳ ಬಳಿಕ ನಡುರಾತ್ರಿಯಲ್ಲಿ ಹಿಂದಿರುಗಿ ನೋಡಿದರೆ ಹೆಂಡತಿಯ ಸಮೀಪದಲ್ಲಿ ಒಬ್ಬ ತರುಣ ಮಲಗಿದ್ದಾನೆ. ಕೋಪದಿಂದ ಕತ್ತಿ ಎತ್ತಿದನು. ಎತ್ತಿದ ಕತ್ತಿ ಆ ಪದ್ಯಕ್ಕೆ ತಾಗಿತು, ಕಣ್ಣು ಅಕ್ಷರಗಳ ಮೇಲೆ ಬಿತ್ತು, ಕೈ ನಿಂತಿತು. ಹೆಂಡತಿಯನ್ನು ಎಬ್ಬಿಸಿ ಕೇಳಿದರೆ ಆ ತರುಣನು, ತಾನು ಹೊರಟಾಗ ಅವಳ ಗರ್ಭದಲ್ಲಿದ್ದ ತನ್ನದೇ ಮಗ!

ಇದು ನಡೆದುದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ನೀತಿಶ್ಲೋಕದ ಕೆಲಸವೇನೆಂಬುದನ್ನು ಈ ಕಥೆಗಿಂತ ಚೆನ್ನಾಗಿ ಹೇಳುವುದು ಕಷ್ಟ. ಶ್ಲೋಕವು ಎತ್ತಿದ ಕೈಯನ್ನು ತಡೆಯಬೇಕು. ಪರರ ಕೈಯನ್ನಲ್ಲ, ನಮ್ಮ ಕೈಯನ್ನು. ಅದಕ್ಕಾಗಿಯೇ ಅದು ಎರಡು ಸಾಲಿನಷ್ಟು ಚಿಕ್ಕದು. ಕೋಪ ಬಂದ ಗಳಿಗೆಯಲ್ಲಿ ಗ್ರಂಥ ತೆರೆದು ಓದಲು ಯಾರಿಗೆ ಬಿಡುವಿರುತ್ತದೆ? ಅದು ನಾಲಿಗೆಯ ತುದಿಯಲ್ಲಿಯೇ ಇರಬೇಕು. ನಾವು ಮಾತ್ರ ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ. ಅತ್ತೆಯು ಸೊಸೆಗೆ ತಾಳ್ಮೆಯ ಶ್ಲೋಕ ಹೇಳುತ್ತಾಳೆ, ಅಪ್ಪನು ಮಗನಿಗೆ ವಿನಯದ ಶ್ಲೋಕ ಹೇಳುತ್ತಾನೆ, ಅಣ್ಣನು ತಮ್ಮನಿಗೆ ಸಂತೃಪ್ತಿಯ ಶ್ಲೋಕ ಹೇಳುತ್ತಾನೆ. ಪ್ರತಿಯೊಬ್ಬರೂ ಪಕ್ಕದವರನ್ನು ಅಳೆಯಲು ಅಳತೆಕೋಲು ಹಿಡಿದಿದ್ದೇವೆ.

ಪತ್ರ ಬರೆದ ಹಿರಿಯರ ಮಕ್ಕಳಿಗೂ ಈ ಕಾವ್ಯವು ಹೇಳಬೇಕಾದುದನ್ನು ಹೇಳುತ್ತದೆ. ಪಾಲಾಗುವುದು ಪಾಪವಲ್ಲ, ಮನೆ ಬೆಳೆದಾಗ ಒಲೆಗಳು ಬೇರೆಯಾಗುವುದು ಲೋಕದಲ್ಲಿ ಇದ್ದದ್ದೇ. ಆದರೆ ಸಿಟ್ಟಿನಲ್ಲಿ ಬರೆದ ಪಾಲುಪತ್ರವು ಮೂರು ತಲೆಮಾರನ್ನು ನ್ಯಾಯಾಲಯದ ಮೆಟ್ಟಿಲ ಮೇಲೆ ಕೂರಿಸುತ್ತದೆ. ಇನ್ನೊಂದು ಮಾತು. ಹೊಲದ ಬೆಲೆ ಏರಿದ ಕಡೆಗೆಲ್ಲ, ನೀವೂ ನಾವೂ ಒಂದೇ ಮನೆಯವರಿದ್ದಂತೆ ಎನ್ನುತ್ತ ಬರುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಲೆಗೆ ಬಿದ್ದ ದಿನ ಇಂದು ಭಾನುವಾರವೆಂದು ಹೇಳುವವರು ಯಾರು, ಹಾರಿಬಂದು ಉಪಾಯ ಹೇಳುವ ಕಾಗೆ ಯಾರು ಎಂಬುದನ್ನು ಮೊದಲೇ ಗುರುತಿಸಬೇಕು. ಒಡಹುಟ್ಟಿದವನ ಬಿರುನುಡಿಗಿಂತ ಹೊರಗಿನವನ ಸವಿನುಡಿ ಹಿತವೆನಿಸತೊಡಗಿದಾಗ ಎಚ್ಚರಗೊಳ್ಳುವುದು ಒಳ್ಳೆಯದು.

ಕಿರಾತಾರ್ಜುನೀಯದ ಕೊನೆಯೂ ನಮಗೆ ಪಾಠವೇ. ತಪಸ್ಸಿಗೆ ಹೋದ ಅರ್ಜುನನು ಒಂದು ಹಂದಿಯ ನೆಪದಲ್ಲಿ ಬೇಡನೊಬ್ಬನೊಡನೆ ಜಗಳಕ್ಕೆ ನಿಲ್ಲುತ್ತಾನೆ. ಬಾಣ ನನ್ನದು, ಬೇಟೆ ನನ್ನದು ಎಂಬುದೇ ವಾದ. ಕಾದಾಡಿ ಬಿಲ್ಲೂ ಕತ್ತಿಯೂ ವ್ಯರ್ಥವಾಗಿ ಬರಿಗೈಯ ಮಲ್ಲಯುದ್ಧಕ್ಕಿಳಿದ ಮೇಲೆ, ಎದುರು ನಿಂತವನು ಸಾಕ್ಷಾತ್ ಪರಶಿವನೆಂಬುದು ತಿಳಿಯುತ್ತದೆ. ಮೊದಲ ಸರ್ಗದಲ್ಲಿ ಸತ್ಯ ಹೇಳಿದವನು ಬೇಡ. ಕೊನೆಯ ಸರ್ಗದಲ್ಲಿ ಬೇಡನೇ ಶಿವ. ವೇಷ ನೋಡಿ, ಕುಲ ನೋಡಿ ಮನುಷ್ಯನನ್ನು ತೂಗಬಾರದೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕಾವ್ಯವನ್ನು ಶರಣ ಮಾರ್ಗದವರು ಪರಕೀಯವೆಂದು ಭಾವಿಸಲು ಕಾರಣವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಕರ್ತವ್ಯ ಅಪೂರ್ಣವಾದೀತು. ಸಂಸ್ಕೃತದಲ್ಲಿದೆಯೆಂದ ಮಾತ್ರಕ್ಕೆ ಎಲ್ಲ ಶ್ಲೋಕಗಳೂ ಗ್ರಾಹ್ಯವಲ್ಲ. ಭರ್ತೃಹರಿಯ ನೀತಿಶತಕದಲ್ಲಿ ಸಜ್ಜನರ ಸ್ವಭಾವ, ವಿದ್ಯೆಯ ಹಿರಿಮೆ, ಸ್ವಾಭಿಮಾನಗಳನ್ನು ಕುರಿತ ಅಮೃತತುಲ್ಯವಾದ ಪದ್ಯಗಳಿವೆ. ಆದರೆ ಅವನ ಶತಕಗಳಲ್ಲಿಯೂ ಪಂಚತಂತ್ರದಲ್ಲಿಯೂ ಹೆಣ್ಣನ್ನು ಹೀನವಾಗಿ ಕಾಣುವ ಪದ್ಯಗಳು ಇವೆ. ಹುಟ್ಟಿನಿಂದ ಮೇಲುಕೀಳು ಎಣಿಸುವ ಮಾತುಗಳೂ ಇವೆ. ಅವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ವಿಷವನ್ನು ಬೆಳ್ಳಿಯ ಬಟ್ಟಲಲ್ಲಿ ಕೊಟ್ಟಂತೆ. ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂದು ನೋಡಲು ನಮ್ಮಲ್ಲಿ ಒರೆಗಲ್ಲಿದೆ. ಅಕ್ಕಮಹಾದೇವಿಯಂಥವರಿಗೆ ಸಮಾನವಾದ ಗದ್ದುಗೆ ಕೊಟ್ಟ, ಕಾಯಕದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದ ವಚನಗಳೇ ಆ ಒರೆಗಲ್ಲು.

ಜನಸಾಮಾನ್ಯರ ಹೃದಯವೂ ಇಂಥ ಒರೆಗಲ್ಲನ್ನು ಬಳಸಿದೆ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಲವಕುಶರು ಅಲ್ಲಿಯೇ ಹುಟ್ಟಿದರೆಂದೂ ಸ್ಥಳಪುರಾಣ. ಸಂಸ್ಕೃತ ಕಾವ್ಯವು ಹುಟ್ಟಿದುದೇ ಬೇಡನ ಬಾಣಕ್ಕೆ ಸಿಕ್ಕಿದ ಹಕ್ಕಿಯ ಜೋಡಿಯನ್ನು ಕಂಡು ವಾಲ್ಮೀಕಿ ಪಟ್ಟ ಶೋಕದಿಂದ; ನೋವಿಗೆ ಮರುಗುವುದೇ ಅದರ ಮೊದಲ ನೀತಿ. ಆ ಆವಣಿಯ ಬೆಟ್ಟದ ಮೇಲೆ ಜನರು ಸೀತಮ್ಮನಿಗೆ ಗುಡಿ ಕಟ್ಟಿಕೊಂಡಿದ್ದಾರೆ. ರಾಜಧರ್ಮದ ಹೆಸರಿನಲ್ಲಿ ಕಾಡಿಗೆ ಹೋದ ಗರ್ಭಿಣಿಯ ಕಡೆಗೆ ನಮ್ಮ ಹಳ್ಳಿಗರ ಮನಸ್ಸು ನಿಂತಿತು. ಶ್ಲೋಕದ ತರ್ಕಕ್ಕಿಂತ ನೊಂದವರ ಕಣ್ಣೀರು ಅವರಿಗೆ ದೊಡ್ಡದಾಗಿ ಕಂಡಿತು.

ಈ ಮಾತನ್ನು ನಾವು ಸುಮ್ಮನೆ ಎತ್ತಿಲ್ಲ. ಆ ಪತ್ರದ ಮಧ್ಯದಲ್ಲಿ, ಮಗಳ ಸಹಿಯನ್ನು ಹಕ್ಕುಬಿಡುಗಡೆ ಪತ್ರಕ್ಕೆ ಮೊದಲೇ ಹಾಕಿಸಿಕೊಂಡಾಯಿತು ಎಂಬ ಒಂದು ಸಾಲು ಯಾವ ನೋವೂ ಇಲ್ಲದೆ ಬಂದುಹೋಗಿದೆ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮ���ನಷ್ಟೇ ಹಕ್ಕಿದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮಗಳು ತಾನಾಗಿ ತಿಳಿದು ಒಲಿದು ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತವರಿಗೆ ಬರುವ ದಾರಿ ಮುಚ್ಚೀತೆಂಬ ಅಂಜಿಕೆಯಿಂದ ಸಹಿ ಹಾಕಿದ್ದರೆ ಅದು ಅನ್ಯಾಯ. ಹಿರಿಯರು ಅಣ್ಣತಮ್ಮಂದಿರ ಜಗಳಕ್ಕೆ ಮರುಗಿದ್ದಾರೆ, ಮಗಳ ಮೌನವನ್ನು ಮಾತ್ರ ಕೇಳಿಸಿಕೊಂಡಿಲ್ಲ. ಭೂಮಿಯೆಲ್ಲ ಒಂದೇ ಕುಟುಂಬವೆಂಬ ಶ್ಲೋಕವು ಮೊದಲು ಆ ಮನೆಯ ಮಗಳವರೆಗೆ ತಲುಪಲಿ.

ಸಂಸ್ಕೃತದ ನೀತಿ ಲಿಂಗಾಯತ ಮನೆಗಳಿಗೆ ಏಕೆ, ವಚನಗಳು ಸಾಲವೇ ಎಂದು ಕೇಳುವವರೂ ಉಂಟು. ವಚನಗಳು ಸಾಲವೆಂದು ಹೇಳುವ ಎದೆಗಾರಿಕೆ ನಮಗಿಲ್ಲ. ಆದರೆ ನಮ್ಮ ಹಿರಿಯರು ಬಾಗಿಲು ಮುಚ್ಚಿಕೊಂಡು ಕುಳಿತವರಲ್ಲ. ಮಠಗಳ ಪಾಠಶಾಲೆಗಳಲ್ಲಿ ವಚನದ ಜೊತೆಗೆ ಸಂಸ್ಕೃತ ಕಾವ್ಯಗಳನ್ನೂ ಓದಿಸಿದರು. ನಾವೂ ಆ ಅನ್ನದಿಂದಲೇ ಬೆಳೆದವರು. ಮೈಸೂರು ಅರಮನೆಯ ಆಸ್ಥಾನದಲ್ಲಿದ್ದು ಅಭಿನವ ಕಾಳಿದಾಸರೆನಿಸಿದ ಬಸವಪ್ಪಶಾಸ್ತ್ರಿಗಳು (1843-1891) ಶಾಕುಂತಲದಂತೆಯೇ ಭರ್ತೃಹರಿಯ ಶತಕಗಳನ್ನೂ ಕನ್ನಡಕ್ಕೆ ತಂದರು. ಪುಲಿಗೆರೆಯ ಸೋಮನಾಥನದೆಂದು ಹೇಳುವ ಸೋಮೇಶ್ವರ ಶತಕವು ಸಂಸ್ಕೃತ ಸುಭಾಷಿತಗಳ ಸಾರವನ್ನು ಹೀರಿ ಅಚ್ಚಕನ್ನಡದ ನೀತಿಯಾಗಿ, ಕೂಲಿಮಠಗಳ ಮಕ್ಕಳ ನಾಲಿಗೆಯ ಮೇಲೆ ತಲೆಮಾರುಗಳ ಕಾಲ ನಲಿದಾಡಿತು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ಮಂಕುತಿಮ್ಮನ ಕಗ್ಗವೂ ಈ ಪರಂಪರೆಯ ಕನ್ನಡ ಕವಲೇ.

ನೀತಿ ಎಂದರೆ ಮುಖ ಗಂಟಿಕ್ಕಿಕೊಂಡು ಹೇಳುವುದೆಂದೂ ತಿಳಿಯಬೇಕಾಗಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ದರ್ಪದಲನವೆಂಬ ಕೃತಿಯಲ್ಲಿ ಕುಲ, ಧನ, ವಿದ್ಯೆ, ರೂಪ, ಶೌರ್ಯ, ದಾನ, ತಪಸ್ಸು ಎಂಬ ಏಳು ಕಾರಣಗಳಿಂದ ಹುಟ್ಟುವ ಗರ್ವವನ್ನು ಒಂದೊಂದಾಗಿ ಮುರಿದನು. ದಾನ ಮಾಡಿದೆನೆಂಬ ಗರ್ವವನ್ನೂ ತಪಸ್ಸು ಮಾಡಿದೆನೆಂಬ ಗರ್ವವನ್ನೂ ಅವನು ಬಿಡಲಿಲ್ಲವೆಂಬುದು ನಮ್ಮಂಥ ಮಠದವರು ನೆನಪಿಡತಕ್ಕ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಮಧುರೆಯ ನೀಲಕಂಠ ದೀಕ್ಷಿತರು ಕಲಿವಿಡಂಬನದಲ್ಲಿ ಪಂಡಿತ, ವೈದ್ಯ, ಜ್ಯೋತಿಷಿಗಳ ಡಾಂಭಿಕತೆಯನ್ನು ನಗುನಗುತ್ತಲೇ ಬಯಲಿಗೆಳೆದರು. ನಗುವಿನಲ್ಲಿ ಬಂದ ನೀತಿ ಬೇಗ ಒಳಗಿಳಿಯುತ್ತದೆ.

ಇಷ್ಟು ವಿಚಾರಿಸಿದ ಮೇಲೆ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದು. ಮಕ್ಕಳಿಗೆ ಸುಭಾಷಿತಗಳನ್ನು ಕಲಿಸುವುದನ್ನು ನಿಲ್ಲಿಸಬೇಡಿರಿ. ಕಲಿಸುವ ಕ್ರಮವನ್ನು ಮಾತ್ರ ಬದಲಿಸಿರಿ. ತಿಂಗಳಿಗೆ ಒಂದೇ ಶ್ಲೋಕ ಸಾಕು. ಬರಿಯ ಶ್ಲೋಕವನ್ನಲ್ಲ, ಅದನ್ನು ಯಾರು, ಯಾರಿಗೆ, ಯಾವ ಸಂಕಟದಲ್ಲಿ ಹೇಳಿದರೆಂಬ ಕಥೆಯನ್ನೂ ಹೇಳಿರಿ. ವಚನದ ಒರೆಗಲ್ಲಿಗೆ ಹಚ್ಚಿ ನೋಡಿರಿ. ಮಗುವಿಗೆ ಹೇಳಿಕೊಡುವ ಮುನ್ನ ಮನೆಯ ಹಿರಿಯರು ಒಂದು ತಿಂಗಳು ಅದರಂತೆ ನಡೆದು ನೋಡಲಿ. ನಡೆಯಲಾಗದಿದ್ದರೆ, ನಮಗೆ ಇದು ಇನ್ನೂ ಸಾಧ್ಯವಾಗಿಲ್ಲ, ನೀನೂ ಪ್ರಯತ್ನಿಸು, ನಾವೂ ಪ್ರಯತ್ನಿಸುತ್ತೇವೆ ಎಂದು ಮಗುವಿಗೆ ಹೇಳಲಿ. ಅದರಿಂದ ಹಿರಿತನ ಕುಂದುವುದಿಲ್ಲ.

ಆ ಮೊಮ್ಮಗಳು ಕೇಳಿದ ಪ್ರಶ್ನೆಯೇ ಅವಳು ಶ್ಲೋಕವನ್ನು ನಿಜವಾಗಿ ಕಲಿತಿದ್ದಾಳೆಂಬುದಕ್ಕೆ ಸಾಕ್ಷಿ. ಬಹುಮಾನ ಕೊಟ್ಟವರು ಅವಳ ಉಚ್ಚಾರಣೆಗೆ ಕೊಟ್ಟರು. ಅವಳು ಮಾತ್ರ ಅರ್ಥವನ್ನು ಮನೆಗೆ ತಂದಳು. ಅದೇ ಪ್ರಶ್ನೆಯನ್ನು ಅವಳ ತಂದೆಯ ಮುಂದೆಯೂ ಚಿಕ್ಕಪ್ಪನ ಮುಂದೆಯೂ ಇಡುವ ಕೆಲಸ ಮಗುವಿನದಲ್ಲ, ತಾತನದು. ಅಪ್ರಿಯವಾದರೂ ಹಿತವಾದುದನ್ನು ಹೇಳಿದ ಆ ಬೇಡನ ಧೈರ್ಯ ಅವರಿಗೆ ಬರಲಿ. ಸಿಟ್ಟಾಗದೆ ಕೇಳಿದ ಧರ್ಮರಾಯನ ತಾಳ್ಮೆ ಮಕ್ಕಳಿಗೆ ಬರಲಿ. ಮಗಳನ್ನೂ ಅದೇ ಪಡಸಾಲೆಗೆ ಕರೆಸಲಿ. ಮೂವರೂ ಕುಳಿತು ಮಾತನಾಡಿದ ಮೇಲೆ ಪಾಲಾದರೂ ಚಿಂತೆಯಿಲ್ಲ. ಹೊಲದ ಬದು ಎರಡಾಗಲಿ, ಮೂರಾಗಲಿ. ಹಬ್ಬದ ದಿನ ಆ ಮಗು ಚಿಕ್ಕಪ್ಪನ ಮನೆಗೂ ಅತ್ತೆಯ ಮನೆಗೂ ಯಾರನ್ನೂ ಕೇಳದೆ ಓಡಿಹೋಗುವಂತಿರಲಿ.